ಎರಡು ಗೆರೆಯ ಸ್ಕೋಪು

ಪಾರ್ಸಲ್‌ನಲ್ಲಿ ಬಂದ ಹಳೆಯ ಆಸಿಲೋಸ್ಕೋಪಿಗೆ ಕರೆಂಟು ಕೊಟ್ಟೆ. ಒಳಗಿನ ಧೂಳು ಕಾದು, ಹುರಿದ ತೌಡಿನಂಥ ವಾಸನೆ ಎದ್ದಿತು... ಗಂಗಾವತಿಯ ಅಕ್ಕಿ ಗಿರಣಿಗಳ ಓಣಿಯಲ್ಲಿದ್ದ ಆ ರಿಪೇರಿ ಅಂಗಡಿಯದೇ ವಾಸನೆ.

ಅಂಗಡಿಯವರನ್ನು ಚಾಚಾ ಎನ್ನುತ್ತಿದ್ದೆ. ಗಿರಣಿಯ ಕಂಟ್ರೋಲ್ ಬೋರ್ಡು, ಟಿವಿ, ಏನು ಕೆಟ್ಟರೂ ಅವರ ಮೇಜಿಗೆ ಬರುತ್ತಿತ್ತು. ನನ್ನ ಬಳಿ ನನಗಿಂತ ಹಿರಿಯದಾದ ಒಂದು ಕಂಪ್ಯೂಟರಿತ್ತು. ಚಾಲೂ ಮಾಡಿದರೆ ಪರದೆ ಖಾಲಿ. ತಪ್ಪು ಹುಡುಕಲು, ವಿದ್ಯುತ್ತಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಸ್ಕೋಪು ಬೇಕಿತ್ತು. ಅವರಲ್ಲಿ ಹಳೆಯವು ಎರಡಿದ್ದವು: ಎರಡು ಗೆರೆ ತೋರಿಸುವ ಭಾರದ ಡಬ್ಬಿಯೊಂದು, ಒಂದೇ ಗೆರೆಯ ಹಗುರ ಡಿಜಿಟಲ್ ಯಂತ್ರವೊಂದು.

ಚಾಚಾ ಭಾರದ್ದನ್ನು ಚಾಲೂ ಮಾಡಿ ಅರ್ಧ ಗಂಟೆ ಹಾಗೇ ಬಿಟ್ಟರು. "ಥಂಡಿ ಇದ್ದಾಗ ಎಲ್ಲಾನೂ ಛಲೋ ಕಾಣತೈತಿ. ಬಿಸಿ ಆಗಲಿ, ಗುಣ ಗೊತ್ತಾಗತೈತಿ." ಆಮೇಲೆ ಅದರದೇ ಪರೀಕ್ಷಾ ಸಂಕೇತವನ್ನು ಅದಕ್ಕೇ ಕೊಟ್ಟು ತೋರಿಸಿದರು.

"ತನ್ನ ಪರ ತಾನ ಸಾಕ್ಷಿ ಹೇಳಿದ್ರ ನಡಿತೈತೇನ್ರಿ?" ಎಂದೆ.

ನಕ್ಕು, ಒಂದೂವರೆ ವೋಲ್ಟಿನ ಟಾರ್ಚಿನ ಸೆಲ್ಲು ಜೋಡಿಸಿದರು. ಪರದೆಯ ಚೌಕಕ್ಕೊಂದು ವೋಲ್ಟಿನ ಲೆಕ್ಕ, ಗೆರೆ ಸರಿಯಾಗಿ ಒಂದೂವರೆ ಚೌಕ ಏರಿ ನಿಂತಿತು. "ಇದು ಹೊರಗಿನ ಸಾಕ್ಷಿ, ವಕೀಲ್ ಸಾಬ್."

ನಾನು ಬಿಡಲಿಲ್ಲ. ಹಗುರದ್ದು ವೇಗದ ಸಂಕೇತ ಹಿಡಿಯುತ್ತದೆ, ಚಿತ್ರ ಉಳಿಸಿಕೊಳ್ಳುತ್ತದೆ, ಎರಡನೆಯ ಗೆರೆ ಯಾಕೆ, ಒಂದಾದ ಮೇಲೊಂದು ನೋಡಿದರಾಯಿತು ಎಂದೆ. ಡಿಬೇಟಿನಲ್ಲಿ ಕಲಿತದ್ದನ್ನೆಲ್ಲ ಅಲ್ಲಿ ಸುರಿದೆ.

"ಒಬ್ಬೊಬ್ರನ್ನ ಬ್ಯಾರೆ ಕರದು ಕೇಳಿದ್ರ ಇಬ್ರೂ ಖರೇನ ಹೇಳ್ತಾರ. ಎದುರಾಬದುರು ನಿಲ್ಲಸಬೇಕು," ಎಂದರು. ನಾನು ಮತ್ತೆ ಬಾಯಿ ತೆರೆದೆ. "ಆತವಾ, ನೀನ ಗೆದ್ದಿ. ಹಗುರದ್ದ ಒಯ್ಯಿ. ಪರದಿ ಮ್ಯಾಲ ಅಕ್ಷರ ಮೂಡಿದ ದಿನ ನನಗ ತೋರಸು ಮತ್ತ. ಗಿರಣಿ ಬೋರ್ಡ ನೋಡಿ ನೋಡಿ ಸಾಕಾಗೇತಿ."

ಅಕ್ಷರ ಮೂಡಲಿಲ್ಲ. ಒಂದೊಂದೇ ನೋಡಿದರೆ ಪ್ರತಿ ಸಂಕೇತವೂ ಸರಿಯಿತ್ತು. ಹೋಗಿ ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ. ವಾದ ಗೆದ್ದವಳು ನಾನಲ್ಲವೇ. ಆ ಓಣಿಯನ್ನೇ ತಪ್ಪಿಸಿ ಓಡಾಡಿದೆ. ಕಳೆದ ಚಳಿಗಾಲದಲ್ಲಿ ಚಾಚಾ ತೀರಿಕೊಂಡರು...

ಇವತ್ತು, ಪಾರ್ಸಲಿನಲ್ಲಿ ಬಂದ ಈ ಎರಡು ಗೆರೆಯ ಸ್ಕೋಪಿನಲ್ಲಿ, ಎರಡು ಸಂಕೇತಗಳನ್ನು ಒಟ್ಟಿಗೆ ನೋಡಿದೆ. ಮೆಮೊರಿಯನ್ನು ಎಬ್ಬಿಸುವ ಸಂಕೇತ ಕಂಪ್ಯೂಟರಿನ ಮಿಡಿತಕ್ಕಿಂತ ಕೂದಲೆಳೆಯಷ್ಟು ತಡ. ತಡ ಮಾಡುತ್ತಿದ್ದ ಚಿಪ್ ಬದಲಿಸಿದೆ. ಪರದೆಯ ಮೇಲೆ ಅಕ್ಷರ ಮೂಡಿತು.

ಅವ್ವ ಬಾಗಿಲಲ್ಲಿ ನಿಂತು, "ಚಾಚಾ ಮ್ಯಾಲಿಂದ ನೋಡಿರ್ತಾರ ತಗೋ," ಎಂದಳು. ಸತ್ತವರು ನೋಡುತ್ತಾರೆಂಬುದಕ್ಕೆ ಆಧಾರವಿಲ್ಲವೆಂದು ಎಷ್ಟು ವೇದಿಕೆಗಳಲ್ಲಿ ಗೆದ್ದಿದ್ದೇನೆ. ಈಗ ಮಾತ್ರ ಅವ್ವ ಇನ್ನೊಂದಿಷ್ಟು ವಾದಿಸಲಿ, ಒಮ್ಮೆ ನನ್ನನ್ನು ಸೋಲಿಸಲಿ ಎಂದು ಕಾದೆ... ಹಾಲು ಉಕ್ಕೀತೆಂದು ಅವಳು ಒಳಗೆ ಹೋದಳು.