ಪುಟ್ಟಬಸಮ್ಮ ಗರಗಸ ಮುಟ್ಟದ ವರ್ಷ

ಕಳಲೆಯಲ್ಲಿ ನಮ್ಮ ಪಕ್ಕದ ಮನೆಯ ಪುಟ್ಟಬಸಮ್ಮನವರಿಗೆ ಎರಡೇ ಹಟ. ಲಿಂಗಪೂಜೆಗೆ ಅಂಗಡಿ ಹೂ ಕೂಡದು. ಹಿತ್ತಲ ಸಂಪಿಗೆ ಮರಕ್ಕೆ ಬೇರೆ ಯಾರೂ ಗರಗಸ ಹಾಕಕೂಡದು. ನಮ್ಮ ಬೀದಿಯ ಉಳಿದವರೆಲ್ಲ ಮಚ್ಚು ಹಿಡಿದು ಮರದ ತಲೆ ಬೋಳಿಸುವವರು, ಆಮೇಲೆ ಹೂ ಬಿಡಲಿಲ್ಲವೆಂದು ಮರವನ್ನೇ ಬೈಯುವವರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪುಟ್ಟಬಸಮ್ಮ ಹೂವಿನ ಕಾಲ ಮುಗಿದ ಮೇಲೆ ಮರವನ್ನು ಸುತ್ತಿ ಸುತ್ತಿ ನೋಡಿ, ಒಣಗಿದ್ದನ್ನೂ ಒಂದಕ್ಕೊಂದು ಉಜ್ಜುವುದನ್ನೂ ಮಾತ್ರ ತೆಗೆಯುತ್ತಿದ್ದರು. ಮೊದಲು ಕೆಳಗಿನಿಂದ ಒಂದು ಗೀರು, ಆಮೇಲೆ ಮೇಲಿನಿಂದ. ಇಲ್ಲದಿದ್ದರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಹೋಗುತ್ತದೆ. ಕೊಂಬೆಯ ಬುಡದ ಉಬ್ಬಿದ ಉಂಗುರವನ್ನಂತೂ ಮುಟ್ಟುತ್ತಲೇ ಇರಲಿಲ್ಲ.

"ಬಳೆ ಬಿಟ್ಟು ಕುಯ್ಬೇಕು ಕಣವ್ವ. ಬಳೆ ಓದ್ರೆ ಗಾಯ ಮಾಯಕ್ಕಿಲ್ಲ" ಎನ್ನುತ್ತಿದ್ದರು.

೧೯೯೭ರ ಆಷಾಢದ ಗಾಳಿಗೆ ದೊಡ್ಡ ಕೊಂಬೆಯೊಂದು ಸೀಳಿ ತೊಗಟೆಯಲ್ಲಿ ನೇತಾಡಿತು. ಹಾಗೇ ಬಿಟ್ಟರೆ ಸೀಳಿನಲ್ಲಿ ಮಳೆನೀರು ಇಳಿದು ಮರ ಕೊಳೆಯುತ್ತದೆಂದು ಅವರಿಗೆ ಗೊತ್ತಿತ್ತು. ಆದರೆ ಸೊಸೆ ನಯನ ಆಗ ಐದು ತಿಂಗಳ ಬಸುರಿ. ಮನೆಯಲ್ಲಿ ಬಸುರಿ ಇದ್ದಾಗ ಹೂ ಬಿಡುವ ಮರಕ್ಕೆ ಕತ್ತಿ ತಾಗಿಸಬಾರದು ಎಂಬ ಮಾತು ನಮ್ಮ ಕಡೆ ಇದೆ. ಮಗ ಅಮೃತೇಶ್ ಏಣಿ ತಂದ. ಅದನ್ನು ಕಿತ್ತುಕೊಂಡು ನೆಲಕ್ಕೆ ಮಲಗಿಸಿದರು. ಆಳನ್ನು ಕರೆಯೋಣವೆಂದರೆ, "ಯಾರ್ ಕುಯ್ದ್ರೂ ಮರ ನಮ್ದೇ ತಾನೆ" ಎಂದರು. ಆ ಮೂಢನಂಬಿಕೆಗೆ ನನಗೆ ಮೈಯೆಲ್ಲ ಉರಿದುಹೋಯಿತು.

ಕಾರ್ತಿಕದಲ್ಲಿ ನಯನಳಿಗೆ ತವರಿನಲ್ಲಿ ಸುಖವಾಗಿ ಹೆರಿಗೆಯಾಯಿತು. ಸುದ್ದಿ ಬಂದ ಮರುದಿನವೇ ಪುಟ್ಟಬಸಮ್ಮ ಗರಗಸ ಹಿಡಿದರು. ಅಷ್ಟರಲ್ಲಿ ಕೊಳೆ ಕಾಂಡದೊಳಗೆ ಇಳಿದಿತ್ತು. ಮೊಣಕಾಲೆತ್ತರದ ಬೊಡ್ಡೆ ಉಳಿಸಿ ಮರ ಉರುಳಿಸಬೇಕಾಯಿತು.

ಮಗುವಿನೊಂದಿಗೆ ಬಂದ ನಯನ ಬೊಡ್ಡೆ ನೋಡಿ ಅತ್ತೇಬಿಟ್ಟಳು. "ಗೊತ್ತಿದ್ದೂ ಯಾಕತ್ತೆ ಬಿಟ್ರಿ? ನೀವೂ ಇದನ್ನೆಲ್ಲ ನಂಬ್ತೀರಾ?"

"ನಂಬಕ್ಕಿಲ್ಲ ಕಣವ್ವ. ಆದ್ರೆ ಏನಾರ ಎಚ್ಚುಕಮ್ಮಿ ಆಗಿದ್ರೆ, ನೀನು ಜೀವಮಾನೆಲ್ಲ ಮರ ಕುಯ್ದ ನನ್ ಕೈನೇ ನೋಡ್ತಿದ್ದೆ."

ನಾನು ಪಕ್ಕದಲ್ಲೇ ನಿಂತಿದ್ದೆ. ಇಷ್ಟು ದಿನ ಬೈದುಕೊಂಡದ್ದಕ್ಕೆ ನಾಚಿಕೆಯಾಯಿತು.

ಬೊಡ್ಡೆ ಚಿಗುರಿತು. ಚಿಗುರುಗಳಲ್ಲಿ ಗಟ್ಟಿಯಾದ ಒಂದನ್ನು ಉಳಿಸಿಕೊಂಡು ಪುಟ್ಟಬಸಮ್ಮ ಅದನ್ನೇ ಮರ ಮಾಡಿದರು. ೨೦೦೨ರಲ್ಲಿ ಅದು ಹೂ ಬಿಟ್ಟಿತು. ನಯನ ಮತ್ತೆ ಬಸುರಿಯಾದದ್ದೂ ಆ ವರ್ಷವೇ. ಎರಡು ಕೊಂಬೆಗಳು ಉಜ್ಜಿ ಉಜ್ಜಿ ತೊಗಟೆ ಗಾಯವಾಗಿತ್ತು. ಪುಟ್ಟಬಸಮ್ಮ ನೋಡಿಯೂ ನೋಡದವರಂತೆ ಹೂ ಕಿತ್ತುಕೊಂಡು ಒಳಗೆ ಹೋಗುತ್ತಿದ್ದರು.

ಒಂದು ಬೆಳಿಗ್ಗೆ ನಯನ ತಾನೇ ಗರಗಸ ತಂದು ಅತ್ತೆಯ ಕೈಗಿಟ್ಟಳು.

"ಕುಯ್ಯಿರಿ ಅತ್ತೆ. ಏನೇ ಆದ್ರೂ ನಿಮ್ ಕೈ ನೋಡಲ್ಲ ನಾನು."

ಪುಟ್ಟಬಸಮ್ಮ ಗರಗಸ ಹಿಡಿದು ಮರವನ್ನು ಒಂದು ಸುತ್ತು ಸುತ್ತಿ ನೋಡಿದರು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಕೆಳಗಿನಿಂದ ಮೊದಲ ಗೀರು ಹಾಕಿದರು. ಅಲುಗದಂತೆ ಕೊಂಬೆ ಹಿಡಿದುಕೊಂಡವಳು ನಯನ.