ವೈಪರಿಗೆ ಸಿಗಿಸಿದ ಹೂವು

ನನಗೆ ಸಿಟ್ಟು ಬಂದರೆ ಮೊದಲು ಬಾಯಿ ಓಡುತ್ತದೆ, ಬುದ್ಧಿ ಆಮೇಲೆ ಚಪ್ಪಲಿ ಹುಡುಕಿಕೊಂಡು ಹೊರಡುತ್ತದೆ. ಬಡವನಹಳ್ಳಿಯ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ. ಒಂದು ಹೆಜ್ಜೆ ಬಿಟ್ಟರೂ ಉತ್ತರಕ್ಕೆ ಬೆಲೆಯಿಲ್ಲ ಎಂದು ಮಕ್ಕಳ ತಲೆ ತಿನ್ನುವ ನಾನು, ಒಂದು ಹಳೆಯ ಕಾರಿನ ವಿಷಯದಲ್ಲಿ ಎಲ್ಲ ಹೆಜ್ಜೆಗಳನ್ನೂ ಬಿಟ್ಟು ನೇರವಾಗಿ ಉತ್ತರಕ್ಕೆ ಹಾರಿದೆ. ಅದರಿಂದ ನನ್ನ ಒಬ್ಬಳೇ ಗೆಳತಿಯನ್ನು ಕಳೆದುಕೊಳ್ಳುವುದರಲ್ಲಿದ್ದೆ.

ಕಾರು ಅವಳದೇ. ಶಿಕ್ಷಕರ ತರಬೇತಿಯ ಕಾಲದಲ್ಲಿ ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದವಳು. ಮದುವೆಯಾಗಿ ಪಾವಗಡದ ತಿರುಮಣಿ ಸೇರಿದಳು. ಜಮೀನನ್ನು ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟ ಮೇಲೆ ಅವಳ ಗಂಡ ಬೆಂಗಳೂರಿನ ಡಾಕ್ಟರೊಬ್ಬರು ಓಡಿಸಿ ಬಿಟ್ಟ ಈ ಕಾರನ್ನು ತಂದಿದ್ದ. ವಿದೇಶಿ ಕಂಪನಿಯದು. ಮೂಗಿನ ಮೇಲೆ ಹೊಳೆಯುವ ಮುದ್ರೆ, ನೆತ್ತಿಗೆ ಗಾಜಿನ ಚಾವಣಿ, ಒಳಗೆ ಚರ್ಮದ ಸೀಟು. ಎಸ್‌ಯುವಿ ಎನ್ನುವ ಗತ್ತಿದ್ದರೂ ಗಾತ್ರ ಮಾತ್ರ ಮಧುಗಿರಿಯ ನಮ್ಮ ಗಲ್ಲಿಗೆ ಹೇಳಿ ಮಾಡಿಸಿದಂತಿತ್ತು. ಅವರ ಮನೆಯಲ್ಲಿ ಜನ ಹೆಚ್ಚಾಗಿ ದೊಡ್ಡ ಗಾಡಿ ನೋಡತೊಡಗಿದಾಗ ಇದನ್ನು ನಾನೇ ಕೇಳಿ ತೆಗೆದುಕೊಂಡೆ. ನಲವತ್ತೈದಕ್ಕೆ ಡ್ರೈವಿಂಗ್ ಕಲಿತವಳ ಜಂಬ ಅದು.

ಕೀಲಿ ಕೊಡುವ ದಿನ ಅವಳು ಮಗಳನ್ನು ಗಂಡನ ಮನೆಗೆ ಕಳಿಸುವವಳ ಹಾಗೆ ಅರ್ಧ ಗಂಟೆ ಬುದ್ಧಿ ಹೇಳಿದಳು.

"ಇಲ್ನೋಡೇ, ವೈಪರ್ ಕೆಳಗೆ ಜಾಲರಿ ಐತಲ್ಲ, ಮ್ಯಾಲಿನ ನೀರೆಲ್ಲ ಇಲ್ಲಿಂದ್ಲೇ ಕೆಳೀಕೆ ಹೋಗ್ತೈತೆ. ಕಸ ಕಟ್ಕೊಂಡ್‌ಬುಟ್ರೆ ಕಷ್ಟ. ವಾರಕ್ಕೊಂದ್ಸಲ ಗುಡಿಸ್ಬೇಕು ಕಣೆ" ಎಂದು ಬಣ್ಣ ಹೊಡೆಯುವ ಒಂದಿಂಚಿನ ಬ್ರಷ್ಷನ್ನು ಡ್ಯಾಶ್‌ಬೋರ್ಡಿನ ಖಾನೆಯಲ್ಲಿಟ್ಟಳು.

ನನ್ನ ಕಣ್ಣೆಲ್ಲ ಗಾಜಿನ ಚಾವಣಿಯ ಮೇಲೆ. "ಆಯ್ತು ತಾಯಿ" ಎಂದೆ. ಆ ಬ್ರಷ್ಷು ಮಾರನೆಯ ವಾರವೇ ನಮ್ಮ ದೇವರ ಗೂಡು ಸೇರಿ, ಪಟಗಳ ಸಂದಿಯ ಧೂಳು ತೆಗೆಯುವ ಕೆಲಸಕ್ಕೆ ನಿಂತಿತು.

ಒಂದು ವರ್ಷ ಕಾರು ಒಂದು ದಿನವೂ ಕೈಕೊಡಲಿಲ್ಲ. ನಾನೂ ಅದನ್ನು ಚೆನ್ನಾಗಿಯೇ ನೋಡಿಕೊಂಡೆ, ಅಂದರೆ ಹಾಗೆಂದುಕೊಂಡಿದ್ದೆ. ಪ್ರತಿ ಶುಕ್ರವಾರ ಬೆಳಿಗ್ಗೆ ಮುಂಗಾಜಿನ ಮೇಲೆ ಒಂದು ಬಕೆಟ್ ನೀರು ಸುರಿದು, ಬಾನೆಟ್ಟಿಗೂ ಗಾಜಿನ ಬುಡಕ್ಕೂ ಕೈ ತುಂಬ ಅರಿಶಿನ ಕುಂಕುಮ ಹಚ್ಚಿ, ವೈಪರಿನ ಬುಡಕ್ಕೆ ಒಂದು ಮೊಳ ಚೆಂಡುಹೂವೋ ಸೇವಂತಿಗೆಯೋ ಸಿಗಿಸುತ್ತಿದ್ದೆ. ಮುಂದಿನ ಶುಕ್ರವಾರ ಹಳೆಯ ಹೂವು ಅರ್ಧ ಕೈಗೆ ಬರುತ್ತಿತ್ತು, ಉಳಿದರ್ಧ ಎಲ್ಲಿ ಹೋಯಿತೆಂದು ನಾನು ಕೇಳಿಕೊಳ್ಳಲಿಲ್ಲ. ಹೂವು ಕಟ್ಟುವ ದಾರಕ್ಕೂ ನನ್ನದೇ ಏರ್ಪಾಡು. ಶಾಲೆಯ ಬಿಸಿಯೂಟದ ಅಕ್ಕಿಮೂಟೆಯ ಬಾಯಿ ಹೊಲಿದಿರುತ್ತಾರಲ್ಲ, ಬಿಳಿಯ ಜೊತೆ ನೀಲಿ ಎಳೆ ಇರುವ ದಾರ, ತುದಿ ಸಿಕ್ಕಿದರೆ ಸರ್ರನೆ ಬಿಚ್ಚಿಕೊಳ್ಳುತ್ತದೆ. ಅಡುಗೆಯವರು ಎಸೆಯುವ ಅದನ್ನು ಉಂಡೆ ಸುತ್ತಿ ಮನೆಗೆ ತರುತ್ತೇನೆ. ಸ್ಟಾಫ್ ರೂಮಿನಲ್ಲಿ ಇದಕ್ಕಾಗಿ ನನ್ನನ್ನು ರೇಗಿಸದವರಿಲ್ಲ.

ಎರಡನೆಯ ವರ್ಷ ಕಾರಿಗೆ ಗಾಳಿ ಹಿಡಿದಂತಾಯಿತು. ಬೀಗ ಹಾಕಿ ಬಂದರೆ ನಾಲ್ಕೂ ಕಿಟಕಿಗಳು ತಾವಾಗಿ ಇಳಿಯುತ್ತಿದ್ದವು. ಉರಿಬಿಸಿಲಿನಲ್ಲಿ ವೈಪರ್ ಓಡುತ್ತಿತ್ತು. ಕೊರಟಗೆರೆಯಲ್ಲಿ ಒಂದು ಮದುವೆಗೆ ಹೋದಾಗ ಛತ್ರದ ಮುಂದೆ ಹಾರನ್ ತನ್ನಷ್ಟಕ್ಕೆ ಕೂಗತೊಡಗಿ, ವಾಲಗದವರೇ ವಾದ್ಯ ಕೆಳಗಿಟ್ಟು ಹೊರಗೆ ಬಂದು ನೋಡಿದರು. ಮರುದಿನ ಸ್ಟಾರ್ಟೇ ಆಗಲಿಲ್ಲ. ಲಾರಿಯ ಮೇಲೆ ಹೇರಿಸಿ ಬೆಂಗಳೂರಿನ ದೊಡ್ಡ ಗ್ಯಾರೇಜಿಗೆ ಸಾಗಿಸಿದೆ. ಅಲ್ಲಿ ಟೈ ಕಟ್ಟಿದ ಹುಡುಗ ಕಾಲಡಿಯ ಕಾರ್ಪೆಟ್ ಎತ್ತಿ ತೋರಿಸಿದ. ಕೆಳಗೆ ನೀರು ನಿಂತಿತ್ತು, ತಗಡಿನ ಮೇಲೆ ಕೆಂಪು ಗೆರೆ ಮೂಡಿತ್ತು.

"ಇದು ಪ್ರವಾಹದಲ್ಲಿ ಮುಳುಗಿದ ಗಾಡಿ ಮೇಡಂ. ಕೆಸರಿನ ಗೆರೆ ನೋಡಿ. ನಿಮಗೆ ಮಾರಿದವರು ಮುಚ್ಚಿಟ್ಟಿದ್ದಾರೆ."

ಅಲ್ಲೇ ನಿಂತು ತಿರುಮಣಿಗೆ ಫೋನ್ ಮಾಡಿದೆ. "ಮುಳುಗಿದ ಗಾಡೀನ ತೊಳೆದು ಒರೆಸಿ ನನಗೆ ದಾಟಿಸಿದೀಯಲ್ಲ, ಬೇರೆ ಯಾರೂ ಸಿಗಲಿಲ್ವಾ ನಿನಗೆ? ನಿನ್ನ ಜೊತೆ ಒಂದೇ ತಟ್ಟೇಲಿ ಉಂಡಿದ್ದಕ್ಕೆ ನಾಚಿಕೆ ಆಗ್ತಿದೆ" ಎಂದೆ. ಅವಳು ಎರಡು ಸಲ "ಇಲ್ಲ ಕಣೆ, ಕೇಳಿಲ್ಲಿ" ಎಂದಳು. ನಾನು ಕೇಳಲಿಲ್ಲ. ಕೊನೆಗೆ "ಸರ್ಲೇ" ಎಂದು ಫೋನಿಟ್ಟಳು. ಆಯ್ತು ಬಿಡು ಎನ್ನುವುದಕ್ಕೆ ಅವರ ಕಡೆ ಹೇಳುವ ತೆಲುಗು ಮಾತು ಅದು.

ಐದು ತಿಂಗಳು ಮಾತಿಲ್ಲ. ಇಪ್ಪತ್ತೈದು ವರ್ಷದಿಂದ ಭಾನುವಾರ ಸಂಜೆ ತಪ್ಪದೆ ಬರುತ್ತಿದ್ದ ಅವಳ ಫೋನ್ ನಿಂತುಹೋಯಿತು. ಅವಳ ಮೊಮ್ಮಗುವಿನ ನಾಮಕರಣದ ಫೋಟೋಗಳನ್ನು ಮೊಬೈಲಿನಲ್ಲಿ ನೋಡಿದೆ. ನನ್ನನ್ನು ಕರೆಯಲಿಲ್ಲವಲ್ಲ ಎಂದು ಇನ್ನಷ್ಟು ಸಿಟ್ಟು ಬಂತು, ನನ್ನ ನ್ಯಾಯ ಎಂಥದ್ದು ನೋಡಿ. ಆದರೆ ಭಾನುವಾರ ಸಂಜೆಯಾದರೆ ಕೈ ಮೊಬೈಲನ್ನು ತಡಕುತ್ತಿತ್ತು.

ಗ್ಯಾರೇಜಿನವರು ರಿಪೇರಿಗೆ ಹೇಳಿದ ದುಡ್ಡು ಕೇಳಿ, ಕಾರನ್ನು ಹಾಗೆಯೇ ಲಾರಿಯಲ್ಲಿ ವಾಪಸು ತಂದು ಮಾರಲು ಹೊರಟರೆ ಯಾರೂ ಕೊಳ್ಳಲು ಬರಲಿಲ್ಲ. ಕಡೆಗೆ ಸಹೋದ್ಯೋಗಿಯೊಬ್ಬರು ಶಿರಾದ ಒಬ್ಬ ಸಾಹೇಬರ ಬಳಿ ಕಳಿಸಿದರು. ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದವರು, ಈಗ ಬೇರೆಯವರು ಕೈಬಿಟ್ಟ ಕಾರುಗಳ ವೈರಿಂಗ್ ನೋಡುತ್ತಾರೆ. ಬಿಳಿ ಗಡ್ಡ, ಕಿವಿಗೆ ಸಿಗಿಸಿದ ಟೆಸ್ಟರ್. ನನ್ನ ಕಥೆಯನ್ನೆಲ್ಲ ಕೇಳಿಸಿಕೊಂಡು, ಮೊದಲು ಸೀಟ್ ಬೆಲ್ಟನ್ನು ತುದಿಯವರೆಗೂ ಹೊರಗೆಳೆದು ಮೂಸಿ ನೋಡಿದರು.

"ಮುಳುಗಿದ ಗಾಡಿ ಆದ್ರೆ ಬೆಲ್ಟಲ್ಲಿ ಕೆಸರು ಕೂತಿರ್ತದೆ ಟೀಚರಮ್ಮ. ಇದು ಬಿಲ್ಕುಲ್ ಸಾಫ್ ಐತೆ. ನೀರು ಕೆಳಗಿಂದ ಬಂದಿಲ್ಲ, ಮ್ಯಾಲಿಂದ ಬಂದೈತೆ" ಎಂದು ವೈಪರ್ ಬಿಚ್ಚಿ, ಅದರ ಕೆಳಗಿನ ಪ್ಲಾಸ್ಟಿಕ್ ಜಾಲರಿಯನ್ನು ಎತ್ತಿದರು.

ಒಳಗೆ ಕೈ ಹಾಕಿ ಎಳೆದದ್ದು ಕೊಳೆತ ಹೂವಿನ ಕಪ್ಪು ಮುದ್ದೆ. ಬಂತು, ಇನ್ನೂ ಬಂತು. ನೀರು ಇಳಿಯುವ ತೂತನ್ನು ಬಿರಡೆ ಹಾಕಿದಂತೆ ಮುಚ್ಚಿಕೊಂಡಿತ್ತು. ನಾನು ಸುರಿದ ಬಕೆಟ್ಟುಗಟ್ಟಲೆ ನೀರು ದಾರಿ ಕಾಣದೆ ಕಾರಿನೊಳಗಿನ ಕಾರ್ಪೆಟ್ಟಿನಡಿ ಇಳಿದು ವೈರುಗಳನ್ನು ತಿಂದಿತ್ತು. ಒಂದು ಮೂಲೆಯಲ್ಲಿ ಬೀಜ ಮೊಳೆತು ಬಿಳಿಚಿಕೊಂಡ ಚೆಂಡುಹೂವಿನ ಸಸಿಯೂ ನಿಂತಿತ್ತು. ಮುದ್ದೆಯ ತುಂಬ ಸುತ್ತಿಕೊಂಡಿದ್ದು ಬಿಳಿ ನೀಲಿ ದಾರ. ಇಡೀ ತಾಲ್ಲೂಕಿನಲ್ಲಿ ಆ ದಾರದಲ್ಲಿ ಹೂವು ಕಟ್ಟುವವಳು ನಾನೊಬ್ಬಳೇ ಇರಬೇಕು.

ಸಾಹೇಬರು ಕಾರ್ಪೆಟ್ಟಿನಡಿಯ ಕೆಂಪು ಗೆರೆಯನ್ನು ಬೆರಳಿಂದ ಉಜ್ಜಿ ತೋರಿಸಿದರು. "ಕೆಸರಲ್ಲಮ್ಮ, ಕುಂಕುಮ. ಪಾವಗಡದಲ್ಲಿ ಕಾರು ಮುಳುಗೋ ಅಷ್ಟು ನೀರು ಎಲ್ಲೈತೆ? ಲೆಕ್ಕದ ಟೀಚರು ನೀವು."

ಅವರು ನಗಲಿಲ್ಲ, ಅದೇ ದೊಡ್ಡದು. ಆ ಮುದ್ದೆಯನ್ನು ಕಸದ ಡಬ್ಬಿಗೂ ಹಾಕಲಿಲ್ಲ. "ಪೂಜೆ ಹೂವು, ಅಂಗೆಲ್ಲ ಬಿಸಾಕ್ಬಾರ್ದು" ಎಂದು ಕಾಗದದಲ್ಲಿ ಮಡಚಿ ನನ್ನ ಕೈಗೆ ಕೊಟ್ಟರು. ಕಾರ್ಪೆಟ್ ಬಿಚ್ಚಿ ಬಿಸಿಲಿಗೆ ಹಾಕಿ, ತುಕ್ಕು ಹಿಡಿದ ವೈರುಗಳನ್ನು ಬದಲಿಸಿ, ಎರಡು ವಾರದಲ್ಲಿ ಕಾರನ್ನು ಸರಿಮಾಡಿಕೊಟ್ಟರು.

ಮುಂದಿನ ಭಾನುವಾರ ಫೋನ್ ಮಾಡದೆ ತಿರುಮಣಿಗೆ ಹೊರಟೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಸೋಲಾರ್ ಫಲಕಗಳ ಸಾಲು ಶುರುವಾಗುವ ಹೊತ್ತಿಗೆ ಒಂದೂ ನೆನಪಿರಲಿಲ್ಲ. ಅವಳು ಅಂಗಳದಲ್ಲಿ ಹುಣಸೆಹಣ್ಣು ಕುಟ್ಟುತ್ತಿದ್ದಳು. ಮೊದಲು ನೋಡಿದ್ದು ಕಾರನ್ನು, ಆಮೇಲೆ ನನ್ನನ್ನು.

"ಏಮೇ, ದಾರಿ ತಪ್ಪಿ ಬಂದ್‌ಬುಟ್ಯಾ?"

ಕಾಗದದ ಪೊಟ್ಟಣ ಬಿಚ್ಚಿ ಅವಳ ಮುಂದಿಟ್ಟೆ. "ಮುಳುಗಿಸಿದ್ದು ನಾನೇ" ಎಂದೆ. ಬ್ರಷ್ಷು ದೇವರ ಗೂಡಿಗೆ ಹೋದದ್ದನ್ನೂ ಹೇಳಿದೆ. ಅವಳು ಆ ದಾರದ ಎಳೆಯನ್ನು ಬೆರಳಲ್ಲಿ ಎತ್ತಿ ನೋಡಿದಳು. ಒಳಗೆ ಹೋಗಿ ಒಂದು ದಪ್ಪ ಫೈಲು ತಂದು ನನ್ನ ತೊಡೆಯ ಮೇಲಿಟ್ಟಳು. ಕಾರು ಹೊಸದಾಗಿದ್ದ ದಿನದಿಂದ ಡಾಕ್ಟರು ಮಾಡಿಸಿದ ಸರ್ವೀಸಿನ ಕಾಗದಗಳೆಲ್ಲ ಅದರಲ್ಲಿದ್ದವು. ಮುಳುಗಿದ್ದಿರಲಿ, ಎಲ್ಲೂ ತರಚಿದ್ದೂ ಇರಲಿಲ್ಲ.

"ನೀನು ಬೈದ ಮೂರ್ನೇ ದಿನ ಬೆಂಗಳೂರಿಗೆ ಹೋಗಿ ಡಾಕ್ಟ್ರ ಮನೆ ಹುಡುಕಿ ಇದನ್ನ ತಂದೆ. ನಮ್ಗೇ ಅವ್ರು ಮೋಸ ಮಾಡಿದ್ರೇನೋ, ನಿಂಗೆ ನಾವೇ ಅನ್ಯಾಯ ಮಾಡಿದ್ವೇನೋ ಅಂತ ಭಯ ಆಯ್ತು."

"ಮತ್ತೆ ಇದನ್ನ ಯಾಕೆ ಕಳಿಸಲಿಲ್ಲ?"

"ಕಳ್ಸಾಣ ಅಂತ್ಲೇ ಇದ್ದೆ. ಆಮೇಲೆ ಅನ್ನಿಸ್ತು, ನಿಂಗೂ ಕಾಗದ ತೋರ್ಸಿ ನಂಬಿಸೋ ಅಂಗಾದ್ರೆ, ನಾನು ನಿಂಗೆ ಏನಾಗ್ಬೇಕು ಅಂತ. ಅದ್ಕೇ ಸುಮ್ಕಾದೆ ಕಣೆ."

ಹುಣಸೆಹಣ್ಣಿನ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಅವಳು ಸಮಾಧಾನ ಮಾಡಲಿಲ್ಲ, ಎದ್ದೂ ಹೋಗಲಿಲ್ಲ. ಆಮೇಲೆ ಮೊಮ್ಮಗುವನ್ನು ತಂದು ನನ್ನ ಮಡಿಲಲ್ಲಿ ಮಲಗಿಸಿ, ಊಟಕ್ಕೆ ಬಡಿಸಿದಳು.

ಹೊರಡುವಾಗ ಅರಿಶಿನ ಕುಂಕುಮ ಕೊಟ್ಟು, ತಟ್ಟೆಯಲ್ಲಿದ್ದ ಒಂದು ಮೊಳ ಕನಕಾಂಬರ ಎತ್ತಿಕೊಂಡಳು. ನಾನು ಕೈ ಚಾಚಿದರೆ ಕೊಡಲಿಲ್ಲ. ನನ್ನನ್ನು ತಿರುಗಿಸಿ ನಿಲ್ಲಿಸಿ, ಹಾಸ್ಟೆಲಿನಲ್ಲಿ ಮುಡಿಸುತ್ತಿದ್ದ ಹಾಗೆ ತಾನೇ ಮುಡಿಸಿದಳು.

"ಇದು ನಿಂಗೆ, ಕಾರಿಗಲ್ಲ. ಭಾನ್ವಾರ ಫೋನ್ ಎತ್ತು."

ಗಾಳಿಗೆ ಹೂವು ಉದುರೀತೆಂದು ಮಧುಗಿರಿ ತಲುಪುವವರೆಗೂ ನಾನು ಕಿಟಕಿಗಳನ್ನು ಇಳಿಸಲಿಲ್ಲ. ಅವೂ ತಾವಾಗಿ ಇಳಿಯಲಿಲ್ಲ.