ನನಗೆ ಬಡ್ತಿ ಕೊಡಿಸಿದ ಮೇಡಂ

ಕಣ್ತುಂಬ ನೀರು ಬಂದರೂ ಕಾಡಿಗೆ ಕದಡದ ಹಾಗೆ ಅಳುವುದು ಆಕೆಗೆ ಗೊತ್ತಿತ್ತು. ಇಳಕಲ್ ಸೀರೆಯ ಸೆರಗಿನ ತುದಿಯನ್ನು ಸಣ್ಣಗೆ ಮಡಚಿ, ಕಣ್ಣಿನ ಮೂಲೆಗೆ ಒಮ್ಮೆ ಒತ್ತಿ, ದನಿ ನಡುಗಿಸದೆ ಮಾತು ಮುಂದುವರಿಸುತ್ತಿದ್ದರು. ಮೊದಲ ಸಲ ನೋಡಿದಾಗ ನಾನೂ ಕರ್ಚೀಫು ಹುಡುಕಿದ್ದೆ. ಅದಕ್ಕಾಗಿ ಈಗಲೂ ನನ್ನ ಮೇಲೆ ನನಗೇ ಸಿಟ್ಟಿದೆ.

ಜೆ.ಪಿ. ನಗರದ ನಮ್ಮ ಕಂಪನಿಯಲ್ಲಿ ಅವರನ್ನು ಡೈವರ್ಸಿಟಿ ಮೇಡಂ ಎನ್ನುತ್ತಿದ್ದೆವು. ಜಾತಿ, ಭಾಷೆ, ಹೆಣ್ಣು-ಗಂಡು ಎಂಬ ಭೇದವಿಲ್ಲದೆ ಕಚೇರಿಯಲ್ಲಿ ಎಲ್ಲರಿಗೂ ಜಾಗವಾಗಬೇಕು, ಅದಕ್ಕೆ ಏನು ಮಾಡಬೇಕು ಎಂದು ಕಂಪನಿಗಳಿಗೆ ಹೇಳಿಕೊಡುವುದು ಅವರ ಕಸುಬು. ಜಯನಗರದ ಹಳೇ ಮನೆತನದವರು. ಬರುವಾಗ ಗಾಂಧಿ ಬಜಾರಿನ ಕೋಡುಬಳೆ ತರುತ್ತಿದ್ದರು. ‘ಇಲ್ಲಿ ಎಲ್ಲರೂ ಸೇಫ್, ಮನಸ್ಸು ಬಿಚ್ಚಿ ಮಾತಾಡಿ’ ಎಂಬುದು ಅವರ ಬಾಯಿಪಾಠ.

ಒಂದು ಮಾತ್ರ ಒಪ್ಪುತ್ತೇನೆ. ಮುಂಬಾಗಿಲ ಮೆಟ್ಟಿಲ ಪಕ್ಕ ಇಳಿಜಾರು ಕಟ್ಟಿಸಿದ್ದು ಅವರೇ. ಊರುಗೋಲು ಹಿಡಿದು ಬರುತ್ತಿದ್ದ ಅಕೌಂಟ್ಸ್ ಸಾರ್ ಅಲ್ಲಿಯವರೆಗೆ ವಾಚ್‌ಮನ್ ಹೆಗಲು ಹಿಡಿದೇ ಹತ್ತಬೇಕಿತ್ತು. ಆದರೆ ಉದ್ಘಾಟನೆಯ ದಿನ ಅದೇ ಸಾರನ್ನು ನಾಲ್ಕು ಸಲ ಹತ್ತಿಸಿ ಇಳಿಸಿ ಫೋಟೋ ತೆಗೆಸಿದ್ದೂ ಅವರೇ.

ನಮ್ಮಪ್ಪ ಗಾರೆ ಕೆಲಸದವರು, ಅಮ್ಮ ಗಾರ್ಮೆಂಟ್ಸ್. ಸುದ್ದಗುಂಟೆಪಾಳ್ಯದ ಒಂದೇ ಕೋಣೆಯ ಮನೆಯಲ್ಲಿ ಓದಿ, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದವಳು ನಾನು. ನಮ್ಮ ವಂಶಕ್ಕೆಲ್ಲ ಅದೇ ಮೊದಲ ಡಿಗ್ರಿ. ಜಂಬ ಅಂದುಕೊಂಡರೆ ಅಂದುಕೊಳ್ಳಿ. ಕಂಪನಿಯಲ್ಲಿ ನಾಲ್ಕು ವರ್ಷ ದುಡಿದಿದ್ದೆ. ಆ ತಿಂಗಳು ನಮ್ಮ ವಿಭಾಗದಲ್ಲಿ ಸೀನಿಯರ್ ಹುದ್ದೆ ಖಾಲಿಯಾಗಿತ್ತು, ಅದು ನನಗೇ ಎಂದು ಎಲ್ಲರೂ ಹೇಳುತ್ತಿದ್ದರು.

ಅದೇ ತಿಂಗಳು ಮೇಡಂ ಒಂದು ಸರ್ವೆ ಕಳಿಸಿದರು. ಹೆಸರು ಬರೆಯುವಂತಿಲ್ಲ, ಯಾರು ಬರೆದದ್ದೆಂದು ದೇವರಿಗೂ ತಿಳಿಯುವುದಿಲ್ಲ ಎಂದರು. ಆದರೆ ವಿಭಾಗ ಯಾವುದು, ಹೆಣ್ಣೋ ಗಂಡೋ, ತಂದೆ ತಾಯಿ ಎಷ್ಟು ಓದಿದ್ದಾರೆ, ಏನು ಕೆಲಸ ಎಂಬುದನ್ನೆಲ್ಲ ತುಂಬಬೇಕಿತ್ತು. ನಮ್ಮ ವಿಭಾಗದಲ್ಲಿದ್ದ ಹೆಂಗಸರು ಇಬ್ಬರೇ. ಇನ್ನೊಬ್ಬಳ ತಂದೆ ಬ್ಯಾಂಕಿನಲ್ಲಿ ಅಧಿಕಾರಿ. ಇಷ್ಟು ಲೆಕ್ಕ ನನಗೂ ಆವತ್ತು ಹೊಳೆಯಲಿಲ್ಲ. ಸೇಫ್ ಅಂದರಲ್ಲ, ನಂಬಿದೆ. ‘ರಿಪೋರ್ಟ್ ಮಾಡುವುದು ನಾನು, ಕ್ಲೈಂಟ್ ಮುಂದೆ ಓದುವುದು ಬೇರೆಯವರು. ನನ್ನ ಇಂಗ್ಲಿಷ್ ಸರಿಯಿಲ್ಲವೆಂದು ಮ್ಯಾನೇಜರ್ ನನ್ನನ್ನು ಮೀಟಿಂಗಿಗೆ ಕರೆಯುವುದಿಲ್ಲ’ ಎಂದು ಬರೆದೆ.

ಹದಿನೈದು ದಿನದ ಮೇಲೆ ಇಡೀ ಕಂಪನಿಯನ್ನು ಕೂರಿಸಿ ಅದನ್ನು ಪರದೆಯ ಮೇಲೆ ಹಾಕಿದರು. ಮೇಲುಗಡೆ ದಪ್ಪ ಅಕ್ಷರದಲ್ಲಿ ವಿಭಾಗದ ಹೆಸರು, ‘ಗಾರೆ ಕೆಲಸದವರ ಮಗಳು’ ಎಂಬ ಪರಿಚಯ. ಕೆಳಗೆ ನನ್ನ ಮಾತು. ಓದಿ ಮುಗಿಸಿ ಸೆರಗನ್ನು ಕಣ್ಣಿಗೆ ಒತ್ತಿಕೊಂಡರು. ಅಷ್ಟರಲ್ಲಿ ಸಭೆಯ ತಲೆಗಳೆಲ್ಲ ನನ್ನ ಕಡೆ ತಿರುಗಿದ್ದವು. ಪಕ್ಕದವಳು, ‘ಲೇ, ನಿಂದೇ ತಾನೇ ಇದು?’ ಎಂದು ಪಿಸುಗುಟ್ಟಿದಳು. ಮ್ಯಾನೇಜರ್ ಮಾತ್ರ ತಿರುಗದೆ ಫೋನ್ ನೋಡುತ್ತಿದ್ದರು.

ಸಭೆ ಮುಗಿದ ಮೇಲೆ ಲಿಫ್ಟಿನ ಹತ್ತಿರ ಮೇಡಂ ಅವರನ್ನು ತಡೆದೆ.

‘ಯಾರಿಗೂ ಗೊತ್ತಾಗಲ್ಲ ಅಂದಿದ್ರಲ್ಲ ಮೇಡಂ?’

‘ನಿನ್ನ ಹೆಸರು ಎಲ್ಲಮ್ಮಾ ಹೇಳಿದೆ ನಾನು?’

‘ಟೀ ಕೊಡೋ ಅಣ್ಣಂಗೂ ಗೊತ್ತಾಯ್ತು. ಪಾಪ ಅಂತ ಈಗ ಸಕ್ಕರೆ ಜಾಸ್ತಿ ಹಾಕ್ಕೊಟ್ಟ.’

ಮೇಡಂ ನಕ್ಕುಬಿಟ್ಟರು. ‘ನೋಡಿದ್ಯಾ, ಎಷ್ಟು ಜನರ ಮನಸ್ಸಿಗೆ ಮುಟ್ಟಿದೆ! ನಾಚ್ಕೋಬೇಡ, ಹೆಮ್ಮೆ ಪಡು.’

‘ನಾಚಿಕೆ ಯಾಕೆ ಮೇಡಂ? ಮನೆ ಕಟ್ಟೋರ ಮಗಳು ನಾನು. ನನ್ನ ಪ್ರಮೋಷನ್ ಮ್ಯಾನೇಜರ್ ಕೈಲಿದೆ, ಅದಕ್ಕೆ ಹೇಳ್ತಿರೋದು.’

‘ಅಷ್ಟೇನಾ? ನಾನು ಮಾತಾಡ್ತೀನಿ ಬಿಡು’ ಎಂದು ಭುಜ ತಟ್ಟಿದರು.

ಮಾತಾಡಿಯೂ ಬಿಟ್ಟರು. ಮಾರನೇ ದಿನ ಮ್ಯಾನೇಜರ್ ಕರೆದು, ‘ಏನಮ್ಮಾ, ನನ್ನ ಮೇಲೆ ನಿಮಗೆ ತುಂಬಾ ಬೇಜಾರಂತೆ? ಮೇಡಮ್ಮೇ ಹೇಳಿದ್ರು’ ಎಂದರು. ನಗುತ್ತಲೇ ಹೇಳಿದರು. ಅಲ್ಲಿಯವರೆಗೆ ಅದನ್ನು ಬರೆದದ್ದು ನಾನಲ್ಲವೆಂದಾದರೂ ವಾದಿಸಬಹುದಿತ್ತು, ಇನ್ನು ಅದೂ ಇಲ್ಲ. ಹುದ್ದೆ ಬೇರೆಯವರಿಗೆ ಹೋಯಿತು. ಮೇಡಂ ಕಾಂಟ್ರ್ಯಾಕ್ಟ್ ಇನ್ನೊಂದು ವರ್ಷ ಮುಂದುವರಿಯಿತು.

ನಾನು ಕೆಲಸ ಬಿಟ್ಟು ಬಿ.ಟಿ.ಎಂ.ನ ಸಣ್ಣ ಕಂಪನಿಯೊಂದಕ್ಕೆ ಸೇರಿದೆ. ಸಂಬಳ ಕಡಿಮೆ, ಆದರೆ ಕ್ಲೈಂಟ್ ಮುಂದೆ ನಾನೇ ಕೂತು ನನ್ನ ಇಂಗ್ಲಿಷಿನಲ್ಲೇ ಮಾತಾಡಿದೆ. ಯಾವ ಕ್ಲೈಂಟೂ ಎದ್ದು ಓಡಿಹೋಗಲಿಲ್ಲ. ಅಷ್ಟರಲ್ಲಿ ಬಿಳೇಕಹಳ್ಳಿ ಕಡೆಯ ಆಫೀಸಿನಲ್ಲಿದ್ದ ಗೆಳತಿಯ ಫೋನು ಬಂತು. ‘ಮಗಾ, ನಿನ್ನ ಕತೆ ನಮ್ಮಾಫೀಸಲ್ಲಿ ಓಡ್ತಿದೆ ಕಣೇ. ಸಖತ್ತಾಗಿ ಹೇಳಿದ್ರು ನಿಮ್ಮ ಮೇಡಂ.’ ಆ ಕತೆಯಲ್ಲಿ ಗಾರೆ ಕೆಲಸದವನು ಸಾರುವೆಯಿಂದ ಬಿದ್ದು ಸತ್ತಿದ್ದ. ತಬ್ಬಲಿ ಮಗಳ ಅಳಲು ಕೇಳಿ ಮ್ಯಾನೇಜರ್ ಮನಸ್ಸು ಕರಗಿತ್ತು. ಹುಡುಗಿಗೆ ಬಡ್ತಿ ಸಿಕ್ಕಿತ್ತು.

ಮನೆಗೆ ಬಂದರೆ ಅಪ್ಪ ಹೊಸ್ತಿಲ ಬಳಿ ಕೂತು ಕಾಫಿಗೆ ಬನ್ನು ಅದ್ದಿಕೊಂಡು ತಿನ್ನುತ್ತಿದ್ದರು. ಇನ್ನೊಂದು ಬನ್ನು ತೆಗೆದು ಅವರ ಮುಂದಿಟ್ಟೆ.

ಹೋದ ತಿಂಗಳು ಮೇಡಂ ತೀರಿಕೊಂಡರು. ಕಾಯಿಲೆಯಲ್ಲಿ ತುಂಬ ನರಳಿದರಂತೆ, ಅದು ಯಾರಿಗೂ ಬರಬಾರದು. ಹಳೇ ಕಂಪನಿಯವರ ವಾಟ್ಸಾಪ್ ಗುಂಪಿನಲ್ಲಿ ಇಡೀ ದಿನ ಕೈಮುಗಿದ ಚಿತ್ರಗಳು. ಸಂಜೆ ಯಾರೋ ಉದ್ದಕ್ಕೆ ಬರೆದಿದ್ದರು. ‘ತಂದೆಯಿಲ್ಲದ ಹುಡುಗಿಯೊಬ್ಬಳಿಗೆ ಬಡ್ತಿ ಕೊಡಿಸಿದ ಮಹಾತಾಯಿ.’ ಕೆಳಗೆ ನಮ್ಮ ಆ ಮ್ಯಾನೇಜರ್ ಕೂಡ ಕೈಮುಗಿದಿದ್ದರು.

ಬಸ್ಸಿನಲ್ಲಿ ನಿಂತುಕೊಂಡೇ ಬರೆದೆ: ‘ಆ ಹುಡುಗಿ ನಾನು. ಬಡ್ತಿ ಸಿಗಲಿಲ್ಲ. ನಮ್ಮಪ್ಪ ಚೆನ್ನಾಗಿದ್ದಾರೆ.’

ಎರಡು ನಿಮಿಷಕ್ಕೆ ಹಳೇ ಕಂಪನಿಯ ಗೆಳತಿಯೊಬ್ಬಳ ಫೋನು. ‘ಇಂಥ ಟೈಮಲ್ಲಿ ಇದೆಲ್ಲಾ ಬೇಕಿತ್ತೇನೇ ನಿಂಗೆ?’

‘ಬೇಕಿತ್ತು’ ಎಂದೆ.